ಎಣ್ಣಿ ತಿರಗಲಾರದ ಗಾಡಿಗೆ ಬಣ್ಣ ಹೊಡದ ಏನ ಮಾಡೋದದ?

ಮೊನ್ನೆಯಿಂದ ಓಣ್ಯಾಗ ನಾಕ ಮಂದಿ ಕೇಳಿದ್ರು, “ಏನ್ರಿ ವೈನಿ, ನಿಮ್ಮ ಮಾಂವನವರ ಬುಲೆಟ್ ತಯಾರಾಗಿತ್ತಲ್ಲ, ಮತ್ತ್ಯಾಕ ಬಿಚ್ಚಿ ಕೂತಾರ?” ಅಂತ. ಒಬ್ಬೊಬ್ಬರಿಗೆ ಹೇಳೋದಕ್ಕಿಂತ ಇಲ್ಲೇ ಬರದಬಿಡ್ತೀನಿ. ಇದರಾಗ ನನ್ನ ಸಿಟ್ಟೂ ಸ್ವಲ್ಪ ಅದ, ಮೊದಲ ಹೇಳೇನಿ.

ಮಾಂವನವರು ಆ ಗಾಡಿ ತೊಗೊಂಡಿದ್ದು 1976ರಾಗ. ಮದ್ರಾಸಿನ ಬುಲೆಟ್ 350, ಬೀಡಿನ ಎಂಜಿನ್, ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅವರು ತೀರಿಕೊಂಡ ಮ್ಯಾಲ ನಮ್ಮ ಮನಿಯವರು ಒಂದು ಹಟ ಹಿಡದ್ರು, ವರ್ಷಾಂತಕದ ಹೊತ್ತಿಗೆ ಅಪ್ಪನ ಗಾಡಿ ಅಂಗಳದಾಗ ಗುಡುಗುಡು ಅನಬೇಕು ಅಂತ. ಟಾಕಿಗೆ ಕರೀ ಬಣ್ಣ, ಅದರ ಮ್ಯಾಲ ಬಂಗಾರದ ಗೆರಿ, ಹ್ಯಾಂಡಲ್ಲಿಗೆ ಕ್ರೋಮ್, ಹೊಸಾ ಸೀಟು. ಎಲ್ಲಾ ಛಂದ ಆತು. ಎಂಜಿನ್ ಜೋಡಸೋದು ಮಾತ್ರ ಕಡೇ ಎರಡು ದಿನಕ್ಕ ಉಳೀತು.

ಆ ಎಂಜಿನ್ನಾಗ ಎಣ್ಣಿ ಹೆಂಗ ತಿರಗತದ ಅಂದ್ರ, ನಮ್ಮ ಮನಿ ಸಂಪು ಮತ್ತ ಮ್ಯಾಲಿನ ಟಾಕಿ ನೆನಸ್ಕೋರಿ. ಎಂಜಿನ್ನಿನ ಹೊಟ್ಯಾಗ ಎಣ್ಣಿಗೆ ಒಂದು ಬ್ಯಾರೇ ಖೋಲಿ ಅದ, ಎರಡು ಲೀಟರ್ ಮ್ಯಾಲ ಹಿಡೀತದ. ಪಂಪು ಎರಡು. ಒಂದು ಆ ಖೋಲಿಯಿಂದ ಎಣ್ಣಿ ಎಳದು, ಫಿಲ್ಟರ್ ದಾಟಿಸಿ, ಕ್ರ್ಯಾಂಕಿನ ಬಿಗ್ ಎಂಡಿಗೆ ಕಳಸ್ತದ. ಅಲ್ಲಿಂದ ಕೆಳಗ ಬಿದ್ದ ಎಣ್ಣೀನ್ನ ಇನ್ನೊಂದು ಪಂಪು ಎತ್ತಿ, ಒಂದಿಷ್ಟು ಮ್ಯಾಲಿನ ರಾಕರಿಗೆ ಕೊಟ್ಟು, ಉಳದಿದ್ದು ವಾಪಸ್ ಖೋಲಿಗೆ ಹಾಕ್ತದ. ಅಂದ್ರ ರಾಕರಿಗೆ ಎಣ್ಣಿ ಬಂತು ಅಂದ್ರ ವಾಪಸ್ ತರೋ ಪಂಪು ಕೆಲಸಾ ಮಾಡ್ತದ ಅಂತ ಇಷ್ಟ ಅರ್ಥ. ಕೊಡೋ ಪಂಪು ಕೊಡ್ಲಿಕ್ಕತ್ತೇದೋ ಇಲ್ಲೋ ಅದರಿಂದ ತಿಳಿಯೂದಿಲ್ಲ.

ವರ್ಷಾಂತಕದ ಹಿಂದಿನ ಸಂಜೀಗೆ ಗಾಡಿ ಸುರು ಮಾಡಿದ್ರು. ಮೆಕ್ಯಾನಿಕ್ ಅಣ್ಣಾ ರಾಕರಿನ ಹತ್ರ ಬೋಲ್ಟ್ ಸಡ್ಲ ಮಾಡಿ ತೋರ್ಸಿದ್ರು, ಎಣ್ಣಿ ಬಂತು. “ಆತ್ರೀ ಅಕ್ಕಾರ, ಇನ್ನ ಚಿಂತಿಲ್ಲ” ಅಂದ್ರು. ಎಲ್ಲಾರೂ ಚಪ್ಪಾಳಿ. ನಾ ಚಹಾದ ತಾಟು ಹಿಡಕೊಂಡು ನಿಂತಿದ್ದೆ. ಐದಾರು ನಿಮಿಷ ಆಗಿರಬೇಕು, ಮ್ಯಾಲಿಂದ ಟಿಕ್ ಟಿಕ್ ಅಂತ ಒಣಾ ಸಪ್ಪಳ ಸುರು ಆತು. ಇಪ್ಪತ್ತು ವರ್ಷದಿಂದ ಹೊಲಿಗಿ ಮಷಿನ್ ತುಳದೀನಿ. ಎಣ್ಣಿ ಇಲ್ಲದ ಕಬ್ಬಿಣದ ಸಪ್ಪಳ ನನಗ ಗೊತ್ತದ. “ಬಂದ್ ಮಾಡ್ರಿ” ಅಂದೆ. ನಮ್ಮ ಮನಿಯವರು, “ಬುಲೆಟ್ ಹಂಗ ಸಪ್ಪಳ ಮಾಡ್ತದ, ನಿನಗ ತಿಳಿಯೂದಿಲ್ಲ” ಅಂದ್ರು. ಆಗ ಕಟ್ಟಿ ಮ್ಯಾಲ ಕೂತ ನಮ್ಮತ್ತಿ ಅಂದ್ರು, “ಅಕಿ ಹೇಳೋದು ಖರೇ ಅದ. ನಿಮ್ಮಪ್ಪನ ಗಾಡಿ ಎಂದೂ ಹಿಂಗ ಅಂದಿಲ್ಲ.” ಅವರ ಮಾತಿಗೆ ಗಾಡಿ ನಿಂತು.

ಬೋಲ್ಟ್ ಮತ್ತ ಸಡ್ಲ ಮಾಡಿ ಕಿಕ್ ಹೊಡದ್ರು. ಒಂದು ಹನಿ ಇಲ್ಲ. ಕಡ್ಡಿ ಹಾಕಿ ನೋಡಿದ್ರ ಖೋಲ್ಯಾಗ ಎಣ್ಣಿ ಕಡಿಮಿ ಆಗೇ ಇಲ್ಲ. ಫಿಲ್ಟರ್ ಬಿಚ್ಚಿದ್ರು, ಹೊಸಾದು ಹೊಸಾದಂಗ, ಒಣಾ ಅದ. ಮತ್ತ ಮೊದಲ ಬಂದ ಎಣ್ಣಿ ಎಲ್ಲೀದು? ಜೋಡಸೋ ಮುಂದ ಕ್ರ್ಯಾಂಕಿನ ಮ್ಯಾಲ ಒಂದು ಲೋಟಾ ಸುರದಿದ್ರಂತ, ಅದು. ವಾಪಸ್ ತರೋ ಪಂಪು ಅದನ್ನ ಎತ್ತಿ ಎತ್ತಿ ತೀರಿಸಿತ್ತು.

ಕಡೀಕ ಟೈಮಿಂಗ್ ಕವರ್ ತಗದಾಗ ಗುಟ್ಟು ತಿಳೀತು. ಗ್ಯಾಸ್ಕೆಟ್ ಸಿಗಲಿಲ್ಲ ಅಂತ ಹಾಳಿಯಿಂದ ಕತ್ತರಿಸಿ ಹಾಕ್ಯಾರ, ಅದಕ್ಕ ಎಣ್ಣಿ ಎಳಕೊಳ್ಳೋ ತೂತು ಕೊಯ್ಯೋದು ಮರತಾರ. ಕಾಜಾ ಇಲ್ಲದ ಕುಪ್ಪಸಕ್ಕ ಗುಂಡಿ ಹಚ್ಚಿದಂಗ! ಈಗ ಬಿಗ್ ಎಂಡಿಗೆ ಏನರೆ ಪೆಟ್ಟಾಗೇದೋ ಏನೋ ಅಂತ ಎಂಜಿನ್ ಮತ್ತ ಬಿಚ್ಚಿ ಕೂತಾರ.

ನಾ ಮೆಕ್ಯಾನಿಕ್ ಅಣ್ಣಗ ಬೈಯೂದಿಲ್ಲ. ಹಾಳಿ ಕತ್ತರಿಸೋದು ತಪ್ಪಲ್ಲ, ನಾವೂ ಅಳತಿ ಹಾಳಿ ಕತ್ತರಿಸ್ತೀವಿ. ಹಳೇದರ ಮ್ಯಾಲ ಇಟ್ಟು ಒಂದೊಂದು ತೂತೂ ಹೊಂದಿಸಿ ನೋಡಲಿಕ್ಕೆ ಹೊತ್ತು ಬೇಕು. ಆ ಹೊತ್ತು ಕೊಡದವರು ನಾವು. ಬಣ್ಣಕ್ಕ ಮೂರು ವಾರ, ಎಂಜಿನ್ನಿಗೆ ಎರಡು ದಿನ ಕೊಟ್ಟೀವಿ. ತಾರೀಖು ಹಿಡದು ಹಳೇ ಗಾಡಿ ತಯಾರು ಮಾಡಸಬಾರದು ಅಂತ ನನ್ನ ಖಡಕ್ ಅಭಿಪ್ರಾಯ. ವರ್ಷಾಂತಕಕ್ಕ ಬೇಕಾಗಿದ್ದು ಎಳ್ಳು-ನೀರು, ಬುಲೆಟ್ ಅಲ್ಲ.

ಇನ್ನೊಂದು ಮಾತು. ಮರುದಿನ ಮಗಾ ಅದನ್ನ ಹೈವೇಕ್ಕ ಒಯ್ಯಾಂವ ಇದ್ದ. ಎಣ್ಣಿ ಇಲ್ಲದ ಎಂಜಿನ್ ಓಡೋ ಮುಂದ ಹಿಡಕೊಂಡ್ರ ಹಿಂದಿನ ಗಾಲಿ ಜಾಮ್ ಆಗ್ತದ, ಕ್ಲಚ್ ಹಿಡಿಯೋದ್ರಾಗ ಹುಡುಗ ಡಾಂಬರಿನ ಮ್ಯಾಲ. ಅದನ್ನ ನೆನಸಿದ್ರ ಇನ್ನೂ ನಿದ್ದಿ ಬರೂದಿಲ್ಲ.

ಅದಕ್ಕ ನಿಮ್ಮ ಮನ್ಯಾಗ ಯಾರರೆ ಹಿಂಥಾ ಗಾಡಿ ಎಬ್ಬಿಸಲಿಕ್ಕತ್ತಿದ್ರ ಬಾಜೂಕ ನಿಂತು ಕೇಳ್ರಿ: ಬಿಗ್ ಎಂಡಿಗೆ ಎಣ್ಣಿ ಹೊಂಟದೇನು, ಫೀಡ್ ಪ್ಲಗ್ ಸಡ್ಲ ಮಾಡಿ ನೋಡೀರೇನು? ಹತ್ತು ನಿಮಿಷ ಓಡಿದ ಮ್ಯಾಲ ರಾಕರ್ ಮತ್ತ ನೋಡೀರೇನು? “ನಿನಗೇನ ತಿಳೀತದ” ಅಂದ್ರ ಅನ್ನಲಿ. ಸಪ್ಪಳ ಕೇಳಿದವರು ಹೇಳಬೇಕು, ಕೀಲಿ ಕೈಯಾಗ ಇದ್ದವರು ಗಾಡಿ ನಿಲ್ಲಸಬೇಕು.

ಬಿಗ್ ಎಂಡಿನ ಸುದ್ದಿ ಮುಂದಿನ ವಾರ ತಿಳೀತದ. ಏನೇ ಆಗಲಿ, ಮುಂದಿನ ಗ್ಯಾಸ್ಕೆಟ್ ನನ್ನ ಕತ್ತರಿಯಿಂದ ಅಂತ ಮನಿಯವರು ಒಪ್ಪಿಕೊಂಡಾರ.