ಮಂಗನ ಕಾಯಿಲೆಯನ್ನೂ ಲಂಡನ್ನಿಗೆ ಹೋಗಿ ಓದಬೇಕೆ?

ಜಾಗತಿಕ ಆರೋಗ್ಯ ಓದಬೇಕಾದರೆ ಲಂಡನ್, ಜಿನೀವಾ, ಬಾಸ್ಟನ್ನಿಗೇ ಹೋಗಬೇಕಂತೆ. ನಮ್ಮ ವಿಶ್ವವಿದ್ಯಾಲಯಗಳಲ್ಲಿ ಅಂಥ ವಿಭಾಗ ತೆರೆಯುವುದು ದುಡ್ಡು ದಂಡವಂತೆ. ಈ ಮಾತು ಕೇಳಿ ಕೇಳಿ ರೋಸಿಹೋಗಿದೆ. ಹೀಗೆನ್ನುವವರು ಸೊರಬದ ಕ್ಯಾಸನೂರು ಕಾಡಿನ ಹೆಸರಾದರೂ ಕೇಳಿದ್ದಾರೆಯೆ?

1957ರಲ್ಲಿ ಅಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಜನರೂ ಜ್ವರ ಬಂದು ಮಲಗಿದರು. ರಾಕ್‌ಫೆಲ್ಲರ್ ಪ್ರತಿಷ್ಠಾನದ ಬೆಂಬಲವಿದ್ದ ಪುಣೆಯ ಕೇಂದ್ರದವರು ವೈರಸ್ ಪತ್ತೆ ಹಚ್ಚಿದರು. ಕ್ಯಾಸನೂರಿನ ಹೆಸರು ಜಗತ್ತಿನ ವೈದ್ಯ ಗ್ರಂಥಗಳಿಗೆ ಸೇರಿತು. ಮಲೆನಾಡಿಗೆ ಸಿಕ್ಕಿದ್ದೇನು? 1957ರಿಂದ ಲೆಕ್ಕ ಹಾಕಿ. ಈ ಮಂಗನ ಕಾಯಿಲೆಗೆಂದೇ ಒಂದು ಔಷಧ ಇವತ್ತಿಗೂ ಇಲ್ಲ. 2019ರಲ್ಲಿ ಸಾಗರದ ಅರಳಗೋಡು ಸುತ್ತ ಸಾವಿನ ಮೇಲೆ ಸಾವು. ಇದ್ದೊಂದು ಲಸಿಕೆಯನ್ನೂ 2022ರಲ್ಲಿ ನಿಲ್ಲಿಸಿದರು. ಕೊಟ್ಟಿಗೆಗೆ ದರಗು ತರಲು ಕಾಡಿಗೆ ಹೋಗುವ ಹೆಂಗಸು ಕಾಯಿಲೆ ಹರಡುವ ಉಣುಗು ಕಚ್ಚದಂತೆ ಕೈಕಾಲಿಗೆ ಡೆಪಾ ಎಣ್ಣೆ ಸವರಿಕೊಳ್ಳಬೇಕು, ಬಂದು ಬಿಸಿನೀರು ಮೀಯಬೇಕು, ಕಿವಿಯ ಹಿಂದೆ, ಕಂಕುಳಲ್ಲಿ ಸಾಸಿವೆಗಿಂತ ಸಣ್ಣ ಉಣುಗಿನ ಮರಿ ಹುಡುಕಬೇಕು. ಅವಳ ಪಾಲಿನ ಜಾಗತಿಕ ಆರೋಗ್ಯ ಇಷ್ಟೇ.

ಲಂಡನ್ನಿನ ಉಷ್ಣವಲಯ ವೈದ್ಯಶಾಲೆ 1899ರಲ್ಲಿ ಹುಟ್ಟಿದ್ದೇ ಸಾಮ್ರಾಜ್ಯದ ಕೆಲಸಕ್ಕೆ. ವಸಾಹತು ಮಂತ್ರಿ ಜೋಸೆಫ್ ಚೇಂಬರ್ಲಿನ್ ಅದರ ಬೆನ್ನಿಗಿದ್ದ. ಅಂಥ ಕಡೆ ಕಲಿಯಲು ನಮ್ಮ ಮಕ್ಕಳು ಹತ್ತಾರು ಲಕ್ಷ ಸಾಲ ಮಾಡಬೇಕು. ಆದರೆ ಭೇದಿಗೆ ಉಪ್ಪು ಸಕ್ಕರೆ ನೀರು ಕುಡಿಸಿದರೆ ಜೀವ ಉಳಿಯುತ್ತದೆಂದು 1971ರಲ್ಲಿ ವೈದ್ಯ ದಿಲೀಪ್ ಮಹಲನಾಬಿಸ್ ತೋರಿಸಿಕೊಟ್ಟದ್ದು ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ, ಕಾಲರಾ ರೋಗಿಗಳ ನಡುವೆ. ಕಾಯಿಲೆ ಇರುವಲ್ಲೇ ವಿದ್ಯೆಯೂ ಹುಟ್ಟುತ್ತದೆ. ಪದವಿ ಮಾತ್ರ ಏಕೆ ದೂರದಲ್ಲಿರಬೇಕು?

ನನಗೆ ಇನ್ನೂ ಸಿಟ್ಟು ತರಿಸುವುದು ಭಾಷೆಯ ವಿಷಯ. ಮಂಗನ ಕಾಯಿಲೆಯ ಸಂಶೋಧನೆಗೆ ರಕ್ತ ಕೊಟ್ಟವರು ಕನ್ನಡದವರು, ಪ್ರಬಂಧ ಇಂಗ್ಲಿಷಿನಲ್ಲಿ. ತಮ್ಮ ರಕ್ತದಿಂದ ಏನು ತಿಳಿಯಿತೆಂದು ಆ ಮನೆಯವರಿಗೆ ಹೋಗಿ ಹೇಳುವವರು ಯಾರೂ ಇಲ್ಲ. ಆರೋಗ್ಯ ವಿಜ್ಞಾನವನ್ನು ಕನ್ನಡದಲ್ಲಿ ಕಲಿಸುವುದು ಆಗದ ಮಾತೆಂದು ಕೈತೊಳೆದುಕೊಂಡವರೂ ಲಂಡನ್ನಿಗೇ ಹೋಗಬೇಕೆನ್ನುವ ಇವರೇ.

ಶಿವಮೊಗ್ಗದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯವಿದೆ. ಎರಡೂ ಸೇರಿ ಜಾಗತಿಕ ಆರೋಗ್ಯದ ಪದವಿ ಶುರು ಮಾಡಲಿ. ಸತ್ತ ಮಂಗ ಕಂಡರೆ ಸುದ್ದಿ ಮುಟ್ಟಿಸುವ, ಮನೆಮನೆಗೆ ಎಣ್ಣೆ ಹಂಚುವ ಆಶಾ ಕಾರ್ಯಕರ್ತೆಯರನ್ನು ಸಂಬಳ ಕೊಟ್ಟು ಪಾಠಕ್ಕೆ ಕರೆಯಲಿ. ಡಿಸೆಂಬರಿನಿಂದ ಮೇವರೆಗೆ, ಕಾಯಿಲೆ ಏಳುವ ತಿಂಗಳುಗಳಲ್ಲಿ, ವಿದ್ಯಾರ್ಥಿಗಳು ಸಾಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲೇ ಇರಲಿ. ಈ ಸಲದ ಬಜೆಟ್ಟಿನಲ್ಲೇ ಸರ್ಕಾರ ಇದಕ್ಕೆ ದುಡ್ಡು ಇಡಬೇಕು.