ಇಂಗಾಲ ಸೆರೆಯ ವೆಚ್ಚ ಯಾರ ಹೆಗಲಿಗೆ?

ಕಾರ್ಖಾನೆಯ ಚಿಮಣಿಯಿಂದ ಹೊರಡುವ ಇಂಗಾಲದ ಡೈಆಕ್ಸೈಡನ್ನು ವಾತಾವರಣಕ್ಕೆ ಬಿಡದೆ ಹಿಡಿದು, ಭೂಮಿಯ ಆಳದ ಶಿಲಾಪದರಗಳಲ್ಲಿ ಕೂಡಿಡುವ ತಂತ್ರಜ್ಞಾನದ ಬಗ್ಗೆ ನಮ್ಮ ದೇಶದಲ್ಲಿಯೂ ಚರ್ಚೆ ಬಿರುಸಾಗಿದೆ. ನೀತಿ ಆಯೋಗವು 2022ರಲ್ಲಿ ಈ ಕುರಿತು ವರದಿಯೊಂದನ್ನು ಪ್ರಕಟಿಸಿತು. ಇದು ಬೃಹತ್ ಉದ್ದಿಮೆಗಳ ವಿಷಯವೆಂದು ಸಣ್ಣ ಉದ್ಯಮಿಗಳು ಸುಮ್ಮನಿರುವುದು ತರವಲ್ಲ. ಸಿಮೆಂಟು, ಉಕ್ಕನ್ನು ಕೊಳ್ಳುವವರು ನಾವು. ಬೆಲೆಯೇರಿದರೆ ಮೊದಲು ಬಿಸಿ ತಟ್ಟುವುದೂ ನಮಗೇ.

ಈ ತಂತ್ರಜ್ಞಾನವೇ ಬೇಡವೆನ್ನುವಂತಿಲ್ಲ. 1 ಟನ್ ಶುದ್ಧ ಕ್ಯಾಲ್ಸಿಯಂ ಕಾರ್ಬೊನೇಟ್ ಸುಟ್ಟಾಗ ಕಲ್ಲಿನೊಳಗಿನಿಂದಲೇ 440 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ವಾಡಿ, ಸೇಡಂಗಳ ಸಿಮೆಂಟು ಕಾರ್ಖಾನೆಗಳು ಸಂಪೂರ್ಣ ಸೌರವಿದ್ಯುತ್ತಿಗೆ ಬದಲಾದರೂ ಸುಣ್ಣದ ಕಲ್ಲಿನ ಈ ಪಾಲು ತಪ್ಪದು. ಆದ್ದರಿಂದಲೇ ನಾರ್ವೆಯ ಬ್ರೆವಿಕ್ ಸಿಮೆಂಟು ಕಾರ್ಖಾನೆಯಲ್ಲಿ ವರ್ಷಕ್ಕೆ 4 ಲಕ್ಷ ಟನ್ ಹಿಡಿಯುವ ಘಟಕವನ್ನು 2025ರಲ್ಲಿ ಉದ್ಘಾಟಿಸಲಾಯಿತು.

ಆದರೆ ಇದು ಅಗ್ಗದ ಮಾತಲ್ಲ. ಅನಿಲವನ್ನು ಹೀರಿಕೊಂಡ ರಾಸಾಯನಿಕ ದ್ರಾವಣವನ್ನು ಮತ್ತೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಅನಿಲವನ್ನು ಬೇರ್ಪಡಿಸಬೇಕು. ಅದಕ್ಕೆ ಹಬೆ ಬೇಕು, ಹಬೆಗೆ ಇಂಧನ ಬೇಕು. ಅಮೆರಿಕದ ಟೆಕ್ಸಾಸಿನ ಪೆಟ್ರಾ ನೋವಾ ಘಟಕವು ಹಿಡಿದ ಅನಿಲವನ್ನು ತೈಲಬಾವಿಗೆ ಕಳುಹಿಸುತ್ತಿತ್ತು. 2020ರಲ್ಲಿ ತೈಲದ ಬೆಲೆ ಕುಸಿದಾಗ ಅದು ನಿಂತು, 2023ರಲ್ಲಷ್ಟೇ ಪುನರಾರಂಭವಾಯಿತು. ಇದಕ್ಕೆ ಪ್ರತಿಯಾಗಿ, ನಾರ್ವೆ 1991ರಲ್ಲಿ ಇಂಗಾಲ ತೆರಿಗೆ ವಿಧಿಸಿತು. ಅಲ್ಲಿನ ಸ್ಲೈಪ್ನರ್ ಅನಿಲ ಕ್ಷೇತ್ರದಲ್ಲಿ 1996ರಿಂದ ಸಮುದ್ರತಳದ ಕೆಳಗೆ ಅನಿಲ ತುಂಬುವ ಕಾರ್ಯ ನಡೆದುಬಂದಿದೆ. ಸ್ಥಿರ ನೀತಿಯಿದ್ದಲ್ಲಿ ಮಾತ್ರ ಇಂತಹ ಬಂಡವಾಳ ನಿಲ್ಲುತ್ತದೆಂಬುದು ಇದರಿಂದ ಸ್ಪಷ್ಟ.

ಕೂಡಿಡುವ ಜಾಗದ ಪ್ರಶ್ನೆಯೂ ಇದೆ. ಉತ್ತರ ಕರ್ನಾಟಕದ ಒಂದು ಭಾಗ ಬಸಾಲ್ಟ್ ಶಿಲೆಯ ಮೇಲಿದೆ. ಐಸ್‌ಲೆಂಡಿನಲ್ಲಿ ಇಂತಹುದೇ ಶಿಲೆಯೊಳಗೆ ನೀರಿನೊಡನೆ ಸೇರಿಸಿದ ಅನಿಲದ ಬಹುಪಾಲು ಎರಡು ವರ್ಷಗಳೊಳಗೆ ಕಲ್ಲಾಯಿತು. ಆದರೆ ಆ ವಿಧಾನಕ್ಕೆ 1 ಟನ್ ಅನಿಲಕ್ಕೆ ಸುಮಾರು 25 ಟನ್ ನೀರು ಬೇಕಾಗುತ್ತದೆ. ಕುಡಿಯುವ ನೀರಿಗೇ ಪರದಾಡುವ ಬಯಲುಸೀಮೆಯಲ್ಲಿ ಇದನ್ನು ಯೋಚಿಸದೆ ಮುಂದುವರಿಯಲಾಗದು.

ಹೊರಗಿನ ಮಾರುಕಟ್ಟೆಯ ಒತ್ತಡವಂತೂ ಬಾಗಿಲಿಗೆ ಬಂದಿದೆ. ಐರೋಪ್ಯ ಒಕ್ಕೂಟದ ಗಡಿ ಇಂಗಾಲ ಸುಂಕದ ವ್ಯವಸ್ಥೆ 2026ರ ಜನವರಿಯಿಂದ ಪೂರ್ಣರೂಪದಲ್ಲಿ ಜಾರಿಗೆ ಬಂದಿದ್ದು, ಉಕ್ಕಿನ ಬೋಲ್ಟು, ನಟ್ಟುಗಳೂ ಅದರ ವ್ಯಾಪ್ತಿಯಲ್ಲಿವೆ. ವರ್ಷಕ್ಕೆ 50 ಟನ್ನಿನ ವಿನಾಯಿತಿ ಇರುವುದು ನಿಜ. ಆದರೆ ಅದನ್ನು ಲೆಕ್ಕ ಹಾಕುವುದು ಅಲ್ಲಿನ ಆಮದುದಾರನ ಒಟ್ಟು ಖರೀದಿಯ ಮೇಲೆ, ನಮ್ಮ ರವಾನೆಯ ಮೇಲಲ್ಲ.

ಆದುದರಿಂದ ನಮ್ಮ ಸಂಸ್ಥೆ ಸರಕಾರದ ಮುಂದೆ ಮೂರು ಬೇಡಿಕೆಗಳನ್ನು ಇಡಬೇಕು. ಮೊದಲನೆಯದಾಗಿ, ಸಾರ್ವಜನಿಕ ಹಣ ಸಿಮೆಂಟು, ಉಕ್ಕಿನಂತಹ ಬೇರೆ ದಾರಿ ಕಡಿಮೆಯಿರುವ ಉದ್ದಿಮೆಗಳಿಗೆ ಸಲ್ಲಲಿ. ಸೌರ, ಪವನಶಕ್ತಿಗಳ ಪರ್ಯಾಯವಿರುವ ಕಲ್ಲಿದ್ದಲು ವಿದ್ಯುತ್ತಿಗಲ್ಲ. ಎರಡನೆಯದಾಗಿ, ಕೈಗಾರಿಕಾ ಪ್ರದೇಶಗಳ ಸಾಮೂಹಿಕ ತ್ಯಾಜ್ಯನೀರು ಶುದ್ಧೀಕರಣ ಘಟಕಗಳ ಮಾದರಿಯಲ್ಲಿ ಅನಿಲದ ಕೊಳವೆಮಾರ್ಗವೂ ಸಾಮೂಹಿಕವಾಗಿರಲಿ. ಮೂರನೆಯದಾಗಿ, ಹೊರಸೂಸುವಿಕೆಯ ಲೆಕ್ಕವಿಡಲು ಸಣ್ಣ ಘಟಕಗಳಿಗೆ ತಾಂತ್ರಿಕ ನೆರವು ದೊರೆಯಲಿ.

ನಮ್ಮ ಕರ್ತವ್ಯವೂ ಇದೆ. ಹಿಡಿದು ಹೂಳುವ ಅನಿಲಕ್ಕಿಂತ ಹುಟ್ಟದೇ ಇರುವ ಅನಿಲ ಅಗ್ಗ. ಬಾಯ್ಲರಿನ ಸೋರಿಕೆ, ಹಳೆಯ ಮೋಟಾರು, ಕುಲುಮೆಯ ವ್ಯರ್ಥ ಶಾಖ ಇವುಗಳನ್ನು ಸರಿಪಡಿಸಲು ಯಾವ ನೀತಿಗೂ ಕಾಯಬೇಕಾಗಿಲ್ಲ. ಲೆಕ್ಕಪುಸ್ತಕದಲ್ಲಿ ಹಣದ ಜೊತೆಗೆ ಇಂಧನಕ್ಕೂ ಒಂದು ಪುಟವನ್ನು ಸದಸ್ಯರು ಈ ವರ್ಷವೇ ತೆರೆಯುವುದು ಒಳಿತು.