ಅತ್ತಿಗೆಯ ಆನ್‌ಸೈಟ್

ನಿಮ್ಮಲ್ಲಿ ಆನ್‌ಸೈಟ್‌ಗೆ ಹೋಗಿ ಬಂದವರಿಗೆ ಒಂದು ಪ್ರಶ್ನೆ. ಹೊರಡೋ ಮುಂಚೆ ಯಾರಾದರೂ ನಿಮ್ಮನ್ನ, "ವಾಪಸ್ ಬಂದ ಮೇಲೆ ಇಲ್ಲಿ ಏನು ಬದಲಾಯಿಸ್ತೀರಿ, ಬರೆದುಕೊಡಿ" ಅಂತ ಕೇಳಿದ್ದರಾ? ಕೇಳಿರಲ್ಲ ಬಿಡಿ. ಟಿಕೆಟ್ ಮೇಲ್‌ಗೆ ಬರುತ್ತೆ, ವೀಸಾ ಕೆಲಸಕ್ಕೆ ಒಂದು ಟೀಮ್ ಇರುತ್ತೆ, ಅಮ್ಮ ಚಟ್ನಿಪುಡಿ ಕಟ್ಟಿಕೊಡ್ತಾರೆ, ನೀವು ಹೊರಡ್ತೀರಿ.

ಸರ್ಕಾರಿ ಹೈಸ್ಕೂಲಿನ ಟೀಚರ್ ಒಬ್ಬರು ಆರು ವಾರ ಹೊರದೇಶಕ್ಕೆ ಹೋಗಬೇಕಾದರೆ ಶುರುವಾಗೋದೇ ಆ ಪ್ರಶ್ನೆಯಿಂದ. ನಮ್ಮ ಅತ್ತಿಗೆ ಮೂರು ವಾರದಿಂದ ಅದಕ್ಕೆ ಉತ್ತರ ಬರೀತಾ ಇದ್ದಾರೆ, ಅಳಿಸ್ತಾ ಇದ್ದಾರೆ.

ಅತ್ತಿಗೆ ಅನುಗೊಂಡನಹಳ್ಳಿ ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಪಾಠ ಮಾಡ್ತಾರೆ. ಬೆಳಗಿನ ಜಾವ ಕಾರು ಓಡಿಸಿಕೊಂಡು ಹೊಸಕೋಟೆಗೆ ಬಿರಿಯಾನಿ ತಿನ್ನೋಕೆ ಬರ್ತೀರಲ್ಲ, ಅಲ್ಲಿಂದ ದಕ್ಷಿಣಕ್ಕೆ ಇಳಿದರೆ ಸಿಗೋ ಹೋಬಳಿ ಅದು. ಒಂದು ಕಡೆ ವೈಟ್‌ಫೀಲ್ಡ್, ಇನ್ನೊಂದು ಕಡೆ ಮಾಲೂರು, ನಡುವೆ ದೇವನಗೊಂತಿಯ ಪೆಟ್ರೋಲ್ ಡಿಪೋಗಳಿಗೆ ಹೋಗೋ ಟ್ಯಾಂಕರ್‌ಗಳು. ರಾಗಿ ಹೊಲ ಲೇಔಟ್ ಆಗಿದೆ, ಲೇಔಟ್ ಪಕ್ಕದಲ್ಲಿ ಮತ್ತೆ ರಾಗಿ ಬೆಳೆದಿರ್ತಾರೆ. ಊರು ಹಳ್ಳಿಯೂ ಅಲ್ಲ, ಬೆಂಗಳೂರೂ ಅಲ್ಲ.

ಅವರು ಅರ್ಜಿ ತುಂಬ್ತಾ ಇರೋದು ಫುಲ್‌ಬ್ರೈಟ್ ಟೀಚಿಂಗ್ ಎಕ್ಸಲೆನ್ಸ್ ಅಂಡ್ ಅಚೀವ್‌ಮೆಂಟ್ ಅನ್ನೋ ಕಾರ್ಯಕ್ರಮಕ್ಕೆ. ಫುಲ್‌ಬ್ರೈಟ್ ಅಂದರೆ ಪಿಎಚ್‌.ಡಿ. ಮಾಡೋರಿಗೆ ಮಾತ್ರ ಅಂದುಕೊಂಡಿರೋರು ಜಾಸ್ತಿ. ಎರಡನೇ ಮಹಾಯುದ್ಧ ಮುಗಿದು ಹೊರದೇಶಗಳಲ್ಲಿ ಉಳಿದುಹೋಗಿದ್ದ ಅಮೆರಿಕದ ಯುದ್ಧ ಸಾಮಗ್ರಿ ಮಾರಿ, ಬಂದ ದುಡ್ಡಿನಲ್ಲಿ ಜನರನ್ನು ಓದೋಕೆ, ಕಲಿಸೋಕೆ ಅತ್ತಿತ್ತ ಕಳಿಸೋಣ ಅಂತ 1946ರಲ್ಲಿ ಶುರುವಾದದ್ದು ಅದು. ಭಾರತದ ಜೊತೆ ಒಪ್ಪಂದ ಆದದ್ದು 1950ರ ಫೆಬ್ರವರಿ 2ರಂದು. ಹೈಸ್ಕೂಲು ಮೇಷ್ಟ್ರುಗಳಿಗೆ ಇರೋದು ಆರು ವಾರದ ಕಾರ್ಯಕ್ರಮ. ಒಂದು ಯೂನಿವರ್ಸಿಟಿಯಲ್ಲಿ ತರಗತಿಗಳು, ಜೊತೆಗೆ ಅಲ್ಲಿನ ಹೈಸ್ಕೂಲೊಂದರಲ್ಲಿ ಅಲ್ಲಿನ ಟೀಚರ್ ಜೊತೆ ಕನಿಷ್ಠ 40 ಗಂಟೆ ಕೆಲಸ. ವಿಮಾನ, ವಸತಿ, ಊಟದ ಖರ್ಚು ಅವರದೇ.

ಮನೆಯಲ್ಲಿ ಸುದ್ದಿ ಗೊತ್ತಾದ ದಿನ ಅಮ್ಮ ಕೇಳಿದ್ದು, "ಅಲ್ಲೇ ಉಳ್ಕೊಳ್ಳೋಕೆ ಆಗಲ್ವೇನಮ್ಮ?" ಹತ್ತನೇ ಕ್ಲಾಸಿನ ಹುಡುಗನೊಬ್ಬ ಕೇಳಿದ್ದು ಉಲ್ಟಾ, "ವೋದ್ರೆ ವಾಪಸ್ ಬತ್ತೀರಾ ಮಿಸ್?" ಇಬ್ಬರಿಗೂ ಉತ್ತರ ಒಂದೇ. ಸರ್ಕಾರದ ದುಡ್ಡಿನ ವಿನಿಮಯ ವೀಸಾದಲ್ಲಿ ಹೋದವರು ಮುಗಿದ ಮೇಲೆ ಎರಡು ವರ್ಷ ಸ್ವಂತ ದೇಶದಲ್ಲಿ ಇರಬೇಕು. ಅದಾಗದೆ ಎಚ್-1ಬಿ, ಗ್ರೀನ್ ಕಾರ್ಡ್ ಕೇಳೋ ಹಾಗಿಲ್ಲ. ಅಮ್ಮನಿಗೆ ಸ್ವಲ್ಪ ಬೇಜಾರಾಯ್ತು, ಹುಡುಗನಿಗೆ ಸಮಾಧಾನ.

ಆದರೆ ಹುಡುಗನ ಪ್ರಶ್ನೆಯಲ್ಲಿ ಇನ್ನೊಂದು ಪ್ರಶ್ನೆ ಇದೆ, ಅತ್ತಿಗೆಗೆ ನಿದ್ದೆ ಕೆಡಿಸಿರೋದು ಅದು. ಈ ಕಾರ್ಯಕ್ರಮದ ಒಂದು ತಂಡ ಹೋಗೋದು ಸೆಪ್ಟೆಂಬರ್ ಹೊತ್ತಿಗೆ, ಇನ್ನೊಂದು ಜನವರಿಯಿಂದ ಮಾರ್ಚ್ ನಡುವೆ. ಮಾರ್ಚ್ ಅಂದರೆ ನಮ್ಮಲ್ಲಿ ಎಸ್ಸೆಸ್ಸೆಲ್ಸಿ. ಸ್ಕೂಲಿಗೆ ಇರೋದೇ ಒಬ್ಬರು ಇಂಗ್ಲಿಷ್ ಟೀಚರ್. ಮನೆಯಲ್ಲಿ ಇಂಗ್ಲಿಷ್ ಓದಿಸೋರು ಯಾರೂ ಇಲ್ಲದ ಮಕ್ಕಳು. ಪೂರ್ವಸಿದ್ಧತಾ ಪರೀಕ್ಷೆ ನಡೆಯೋ ಹೊತ್ತಿಗೆ ಟೀಚರ್ ಇನ್ನೆಲ್ಲೋ ಹಿಮದಲ್ಲಿ ಫೋಟೊ ತೆಗೆಸಿಕೊಳ್ತಾ ಇದ್ದರೆ? ಆರು ವಾರಕ್ಕೆ ಅಂತ ಬದಲಿ ಟೀಚರ್ ಹುಡುಕೋದು ಸುಲಭ ಇಲ್ಲ. ನೀವು ರಜ ಹಾಕಿದರೆ ಪ್ರಾಜೆಕ್ಟು ಒಂದು ಸ್ಪ್ರಿಂಟ್ ಮುಂದಕ್ಕೆ ಹೋಗುತ್ತೆ. ಎಸ್ಸೆಸ್ಸೆಲ್ಸಿ ಮುಂದಕ್ಕೆ ಹೋಗಲ್ಲ.

"ಹಾಗಾದರೆ ಬಿಟ್ಟುಬಿಡಿ ಅತ್ತಿಗೆ" ಅಂದೆ. "ಬಿಡೋದು ಸುಲಭ ಕಣೇ. ಹದಿನಾಲ್ಕು ವರ್ಷದಿಂದ ಇನ್ನೊಬ್ಬರು ಇಂಗ್ಲಿಷ್ ಪಾಠ ಮಾಡೋದನ್ನ ನಾನು ನೋಡೇ ಇಲ್ಲ" ಅಂದರು.

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ನಮ್ಮ ಕೆಲಸಗಳಲ್ಲಿ ಪಕ್ಕದ ಸೀಟಿನವನ ಕೋಡ್ ನೋಡ್ತೀವಿ, ರಿವ್ಯೂ ಮಾಡ್ತೀವಿ, ಬೈಸಿಕೊಳ್ತೀವಿ. ಟೀಚರ್ ಮಾತ್ರ ಬಾಗಿಲು ಹಾಕಿಕೊಂಡು ಒಬ್ಬರೇ ಕೆಲಸ ಮಾಡೋ ಜನ. ಹಿಂದಿನ ಬೆಂಚಿನಲ್ಲಿ ದೊಡ್ಡವರು ಯಾರಾದರೂ ಬಂದು ಕೂತರೆ ಅದು ಇನ್‌ಸ್ಪೆಕ್ಷನ್ ಅಂತಲೇ ಲೆಕ್ಕ. ಮಕ್ಕಳೂ ಆವತ್ತು ನೆಟ್ಟಗೆ ಕೂರ್ತಾರೆ.

ಜಪಾನಿನಲ್ಲಿ ಹಾಗಲ್ಲ. ಅಲ್ಲಿ 'ಜುಗ್ಯೋ ಕೆಂಕ್ಯೂ' ಅಂತ ಒಂದು ಪದ್ಧತಿ ಇದೆ, ಪಾಠದ ಅಧ್ಯಯನ ಅಂತ ಅರ್ಥ. ನಾಲ್ಕೈದು ಮೇಷ್ಟ್ರು ಸೇರಿ ಒಂದೇ ಒಂದು ಪಾಠವನ್ನ ಯೋಜಿಸ್ತಾರೆ. ಭಿನ್ನರಾಶಿ ಹೇಗೆ ಶುರು ಮಾಡೋದು, ಮಕ್ಕಳು ಎಲ್ಲಿ ಎಡವಬಹುದು, ಬೋರ್ಡಿನ ಮೇಲೆ ಯಾವುದು ಎಲ್ಲಿ ಬರಬೇಕು, ಅಷ್ಟು ಸೂಕ್ಷ್ಮವಾಗಿ. ಒಬ್ಬರು ಪಾಠ ಮಾಡ್ತಾರೆ, ಉಳಿದವರು ಗೋಡೆಗೆ ಒರಗಿ ನಿಂತು ಮಕ್ಕಳನ್ನ ನೋಡ್ತಾರೆ. ಗಮನಿಸಿ, ಮೇಷ್ಟ್ರನ್ನಲ್ಲ, ಮಕ್ಕಳನ್ನ. ಸಂಜೆ ಕೂತು ಮಾತಾಡ್ತಾರೆ, ತಿದ್ದಿ ಇನ್ನೊಂದು ಸೆಕ್ಷನ್ನಿನಲ್ಲಿ ಮತ್ತೆ ಮಾಡ್ತಾರೆ. 1999ರಲ್ಲಿ ಸ್ಟಿಗ್ಲರ್ ಮತ್ತು ಹೀಬರ್ಟ್ ಅನ್ನೋ ಇಬ್ಬರು 'ದಿ ಟೀಚಿಂಗ್ ಗ್ಯಾಪ್' ಪುಸ್ತಕದಲ್ಲಿ ಇದನ್ನ ವಿವರಿಸಿದ ಮೇಲೆ ಅಮೆರಿಕದ ಸ್ಕೂಲುಗಳೂ ಇದನ್ನ ಎರವಲು ತಂದವು. ಇದಕ್ಕೆ ಸ್ಮಾರ್ಟ್ ಬೋರ್ಡ್ ಬೇಡ, ಬಜೆಟ್ ಬೇಡ. ಬಾಗಿಲು ತೆಗೆಯೋ ಧೈರ್ಯ ಒಂದಿದ್ದರೆ ಸಾಕು.

(ಜಪಾನಿಗೂ ದಾರಿ ಇದೆ. ಅಲ್ಲಿನ ಸರ್ಕಾರದ ಶಿಕ್ಷಕ ತರಬೇತಿ ವಿದ್ಯಾರ್ಥಿವೇತನಕ್ಕೆ ಐದು ವರ್ಷ ಪಾಠ ಮಾಡಿರಬೇಕು, ವಯಸ್ಸು 35ರ ಒಳಗಿರಬೇಕು. ಒಂದೂವರೆ ವರ್ಷ. ಅತ್ತಿಗೆಯ ವಯಸ್ಸು ದಾಟಿದೆ. ನಿಮ್ಮ ಮನೆಯಲ್ಲಿ ದಾಟದಿರೋರು ಇರಬಹುದು.)

ಎಲ್ಲವೂ ಹೀಗೆ ಸೂಟ್‌ಕೇಸಿನಲ್ಲಿ ಹಾಕಿಕೊಂಡು ಬರೋವಂಥದ್ದಲ್ಲ. ಜಪಾನಿನ ಮಕ್ಕಳು ತಮ್ಮ ಕ್ಲಾಸನ್ನ ತಾವೇ ಗುಡಿಸಿ ಒರೆಸೋ ವಿಡಿಯೊ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರುತ್ತೆ. "ನಮ್ಮಲ್ಲೂ ಹೀಗೆ ಆಗಬೇಕು" ಅಂತ ದೊಡ್ಡಪ್ಪ ಬರೆದಿರ್ತಾರೆ. 2023ರ ಡಿಸೆಂಬರ್‌ನಲ್ಲಿ ಪಕ್ಕದ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನ ಮಲದ ಗುಂಡಿಗೆ ಇಳಿಸಿದ ವಿಷಯ ಹೊರಗೆ ಬಂತು, ಪ್ರಾಂಶುಪಾಲರ ಬಂಧನವೂ ಆಯ್ತು. ಅನುಗೊಂಡನಹಳ್ಳಿಯಿಂದ ಬಹಳ ದೂರವೇನಲ್ಲ. ಅಲ್ಲಿ ಎಲ್ಲರ ಮಕ್ಕಳೂ, ಮೇಷ್ಟ್ರೂ ಸೇರಿ ಪೊರಕೆ ಹಿಡೀತಾರೆ. ಇಲ್ಲಿ ಪೊರಕೆ ಯಾರ ಕೈಗೆ ಹೋಗುತ್ತೆ ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ಹೊರದೇಶದಿಂದ ತಂದ ಪದ್ಧತಿಗೆ ನಮ್ಮ ನೆಲದಲ್ಲಿ ಬೇರೆಯದೇ ಅರ್ಥ ಹುಟ್ಟುತ್ತೆ. ಇದು ಗೊತ್ತಿರೋ ಟೀಚರ್ ಹೋಗಿಬಂದರೆ ಉಪಯೋಗ, ಗೊತ್ತಿಲ್ಲದವರು ಹೋದರೆ ಪ್ರವಾಸ.

ದೆಹಲಿಯಲ್ಲಿ 2023ರ ಜನವರಿಯಲ್ಲಿ ಜಗಳ ಆಗಿದ್ದು ಇದಕ್ಕೇ. ಸರ್ಕಾರಿ ಶಿಕ್ಷಕರನ್ನ ಫಿನ್‌ಲ್ಯಾಂಡಿಗೆ ಕಳಿಸಬೇಕು ಅಂತ ಅಲ್ಲಿನ ಸರ್ಕಾರ, ಇದರಿಂದ ಆಗೋ ಲಾಭ ಎಷ್ಟು, ಖರ್ಚು ಎಷ್ಟು ಅಂತ ಲೆಫ್ಟಿನೆಂಟ್ ಗವರ್ನರ್. ಮುಖ್ಯಮಂತ್ರಿ ಅವರ ಮನೆ ತನಕ ಮೆರವಣಿಗೆ ಹೋದರು. ಮರುವರ್ಷ ಪಂಜಾಬ್ 72 ಪ್ರೈಮರಿ ಟೀಚರ್‌ಗಳನ್ನ ಫಿನ್‌ಲ್ಯಾಂಡಿನ ಟುರ್ಕು ಯೂನಿವರ್ಸಿಟಿಗೆ ಕಳಿಸಿತು. ರಾಜಕೀಯ ಪಕ್ಕಕ್ಕಿಡಿ. ಲಾಭ ಎಷ್ಟು ಅನ್ನೋದು ನ್ಯಾಯವಾದ ಪ್ರಶ್ನೆಯೇ, ಆದರೆ ಮಂತ್ರಿಗಳ, ಅಧಿಕಾರಿಗಳ 'ಅಧ್ಯಯನ ಪ್ರವಾಸ'ಕ್ಕೂ ಅದೇ ತಕ್ಕಡಿ ಇಟ್ಟಿದ್ದರೆ ಇನ್ನೂ ಚೆನ್ನಾಗಿರ್ತಿತ್ತು.

ನಮ್ಮ ಹಳೇ ಮೈಸೂರು ಸಂಸ್ಥಾನಕ್ಕೆ ಈ ಲೆಕ್ಕ ಚೆನ್ನಾಗಿ ಗೊತ್ತಿತ್ತು. ಥಾಮಸ್ ಡೆನ್‌ಹ್ಯಾಮ್, ಸಿ.ಆರ್. ರೆಡ್ಡಿ ಅನ್ನೋ ಇಬ್ಬರು ಮೇಷ್ಟ್ರನ್ನ ಹೊರದೇಶಗಳ ವಿದ್ಯಾಲಯ ನೋಡಿ ಬನ್ನಿ ಅಂತ ಕಳಿಸಿತು. ಅಮೆರಿಕ, ಆಸ್ಟ್ರೇಲಿಯಾದ ಶಿಕ್ಷಣದ ಬಗ್ಗೆ ಅವರು ಬರೆದ ವರದಿ ಮೈಸೂರು ವಿಶ್ವವಿದ್ಯಾಲಯದ ಯೋಜನೆಗೆ ಆಧಾರವಾಯ್ತು. 1916ರಲ್ಲಿ ವಿಶ್ವವಿದ್ಯಾಲಯ ಬಾಗಿಲು ತೆರೆಯಿತು. ಇನ್ನೂ ಹತ್ತಿರದವರು ಬೇಕಾ, ಗೌರಿಬಿದನೂರು ತಾಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು ಇದ್ದಾರೆ. ಓದೋಕೆ ಬೆಂಗಳೂರಿಗೆ ನಡೆದೇ ಬಂದ ಮನುಷ್ಯ. ನ್ಯಾಷನಲ್ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದವರು ಓಹಾಯೊ ಸ್ಟೇಟ್ ಯೂನಿವರ್ಸಿಟಿಯಲ್ಲಿ 1960ರಲ್ಲಿ ಪಿಎಚ್‌.ಡಿ. ಪಡೆದರು, ಖಾದಿ ಬಿಡದೆ ಅದೇ ಕಾಲೇಜಿಗೆ ವಾಪಸ್ ಬಂದರು. 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದರು. ಯಾರು ಬೇಕಾದರೂ ಬಂದು ಕೂತು ವಿಜ್ಞಾನದ ಉಪನ್ಯಾಸ ಕೇಳಬಹುದಾದ ಜಾಗ ಅದು.

ಈಗ ಅತ್ತಿಗೆ ಪದೇ ಪದೇ ಅಳಿಸ್ತಾ ಇದ್ದ ಉತ್ತರಕ್ಕೆ ಬರ್ತೀನಿ. ಅವರು ಬರೆದಿದ್ದೆಲ್ಲ 'ನಾನು ಅಲ್ಲಿಂದ ಇದನ್ನ ಕಲಿತು ಬರ್ತೀನಿ, ಅದನ್ನ ತರ್ತೀನಿ' ಅಂತ. ಓದಿದರೆ ಸಾಲದ ಅರ್ಜಿ ಥರ ಇತ್ತು. ಇದು ವಿನಿಮಯದ ಕಾರ್ಯಕ್ರಮ. ವಿನಿಮಯ ಅಂದಮೇಲೆ ಕೊಡೋದೂ ಇರಬೇಕಲ್ಲ.

ಅವರ ಕ್ಲಾಸನ್ನೇ ನೋಡಿ. ಆ ಕಡೆ ಅರ್ಧ ಮನೆಗಳಲ್ಲಿ ತೆಲುಗು, ಕೆಲವು ಮನೆಗಳಲ್ಲಿ ತಮಿಳು, ಉರ್ದು. ಬೀದಿಯಲ್ಲಿ ಕನ್ನಡ. ಲೇಔಟ್ ಕೆಲಸಕ್ಕೆ ಬಂದ ರಾಯಚೂರಿನವರ ಮಕ್ಕಳ ಕನ್ನಡವೇ ಬೇರೆ, ಬಿಹಾರದಿಂದ ಬಂದ ಮಕ್ಕಳದು ಹಿಂದಿ. ಇಷ್ಟೂ ಮಂದಿಗೆ ಒಂದೇ ಪೀರಿಯಡ್ಡಿನಲ್ಲಿ ಒಂದು ಇಂಗ್ಲಿಷ್ ಪದ್ಯ ಅರ್ಥ ಮಾಡಿಸಬೇಕು. ಅತ್ತಿಗೆ ಒಂದು ಪದವನ್ನ ಕನ್ನಡದಲ್ಲಿ ಹೇಳ್ತಾರೆ, ಹಿಂದಿನ ಬೆಂಚಿನ ಹುಡುಗಿ ಪಕ್ಕದವಳಿಗೆ ತೆಲುಗಿನಲ್ಲಿ ಹೇಳ್ತಾಳೆ, ಇನ್ನೊಬ್ಬ ಹಿಂದಿಗೆ ಹಾಕ್ತಾನೆ. ಯಾರು ಯಾರ ಪಕ್ಕ ಕೂರಬೇಕು ಅನ್ನೋದನ್ನ ಅವರು ಭಾಷೆ ಲೆಕ್ಕ ಹಾಕಿಯೇ ಇಟ್ಟಿರ್ತಾರೆ. ಮನೆಯಲ್ಲಿ ಸ್ಪ್ಯಾನಿಷ್ ಮಾತಾಡೋ ಮಕ್ಕಳಿಗೆ ಇಂಗ್ಲಿಷ್ ಕಲಿಸೋಕೆ ಅಮೆರಿಕದ ಸ್ಕೂಲುಗಳಲ್ಲಿ ಬೇರೆ ಟೀಚರ್, ಬೇರೆ ಪೀರಿಯಡ್ ಇರುತ್ತೆ. ಇವರಿಗೆ ಅದ್ಯಾವುದೂ ಇಲ್ಲ, ಆದರೂ ಕ್ಲಾಸ್ ನಡೀತಿದೆ. ಇದನ್ನ ನೋಡೋಕೆ ಅಲ್ಲಿನ ಟೀಚರ್ ವಿಮಾನ ಹತ್ತಿ ಬರಬೇಕು.

"ಇದರಲ್ಲೇನಿದೆ, ಎಲ್ಲರೂ ಮಾಡ್ತಾರೆ" ಅಂದರು ಅತ್ತಿಗೆ. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಲ್ಯಾಪ್‌ಟಾಪ್ ಹತ್ತಿರ ಎಳೆದುಕೊಂಡು ಅದನ್ನೇ ಬರೆದರು. ಆವತ್ತು ಅಳಿಸಲಿಲ್ಲ.

ಮಾರ್ಚ್ ತಿಂಗಳ ಚಿಂತೆಗೆ ಇನ್ನೂ ಉತ್ತರ ಸಿಕ್ಕಿಲ್ಲ. ಸೆಪ್ಟೆಂಬರ್ ತಂಡ ಆದರೆ ಹೋಗ್ತೀನಿ, ಜನವರಿ ಅಂದರೆ ಯೋಚನೆ ಮಾಡ್ತೀನಿ ಅಂತ ಸದ್ಯಕ್ಕೆ ತೀರ್ಮಾನ. ಈ ನಡುವೆ ಗಣಿತದ ಮೇಷ್ಟ್ರನ್ನ ತಮ್ಮ ಕ್ಲಾಸಿಗೆ ಬಂದು ಕೂರೋಕೆ ಕೇಳಿದ್ದಾರೆ. ಅವರು "ಯಾಕೆ ಮೇಡಂ, ಏನಾಯ್ತು?" ಅಂತ ಗಾಬರಿಯಾದರಂತೆ. ಒಪ್ಪಿದ್ದಾರೆ, ಗುರುವಾರ ಮೂರನೇ ಪೀರಿಯಡ್.

ನಿಮ್ಮ ಅಕ್ಕನೋ ಚಿಕ್ಕಮ್ಮನೋ ಟೀಚರ್ ಆಗಿದ್ದು, ಇಂಥದ್ದಕ್ಕೆ ಅರ್ಜಿ ಹಾಕೋ ಮನಸ್ಸಿದ್ದರೆ ನೀವು ಮಾಡಬಹುದಾದ್ದು ಇದೆ. ಪ್ರಬಂಧವನ್ನ ಎಐಗೆ ಕೊಟ್ಟು ನುಣುಪು ಮಾಡಿಸಬೇಡಿ, ಅವರ ಕ್ಲಾಸು ಅದರಲ್ಲಿ ಕಾಣಿಸಲ್ಲ. ಟೋಫೆಲ್‌ಗೆ ಹೆಡ್‌ಫೋನ್ ಹಾಕಿ ನಾಲ್ಕು ಭಾನುವಾರ ಜೊತೆಗೆ ಕೂತುಕೊಳ್ಳಿ, ಬೇಕಾದ ಇಂಗ್ಲಿಷ್ ಅವರಿಗೆ ಬರುತ್ತೆ, ಬರದೇ ಇರೋದು ಕಂಪ್ಯೂಟರ್ ಮುಂದೆ ಟೈಮರ್ ಓಡ್ತಿರುವಾಗ ಮಾತಾಡೋದು. ಎಲ್ಲಕ್ಕಿಂತ ಮೊದಲು ಪಾಸ್‌ಪೋರ್ಟ್. ಸರ್ಕಾರಿ ನೌಕರರು ಅದಕ್ಕೆ ಇಲಾಖೆಗೆ ಮುಂಚೆಯೇ ತಿಳಿಸಿದ ಪತ್ರವನ್ನೋ ಎನ್‌ಒಸಿಯನ್ನೋ ಕೊಡಬೇಕು. ವಿದೇಶಕ್ಕೆ ಹೋಗೋ ಅನುಮತಿ ಇದರಿಂದ ಬೇರೆ. ಆ ಫೈಲು ಹೆಡ್‌ಮಾಸ್ಟರ್ ಟೇಬಲ್ಲಿನಿಂದ ಬಿಇಒ ಆಫೀಸು, ಅಲ್ಲಿಂದ ಡಿಡಿಪಿಐ ಆಫೀಸು ಅಂತ ಮೇಲಕ್ಕೆ ಹತ್ತಬೇಕು. ಆಯ್ಕೆ ಪತ್ರ ಬರಲಿ ಅಂತ ಕಾಯಬೇಡಿ, ಪಾಸ್‌ಪೋರ್ಟ್ ಕೆಲಸ ಈ ವಾರವೇ ಶುರು ಮಾಡಿ.